ಟೇಪತ್ತೆಯ ಬುಟ್ಟಿ

ನಮ್ಮ ಸೋದರತ್ತೆಯನ್ನು ಬೀದಿಯವರೆಲ್ಲ ಕರೆಯುವುದು ಟೇಪತ್ತೆ ಎಂದೇ. ಅಳತೆಯ ಟೇಪು ಸದಾ ಅವಳ ಕೊರಳಲ್ಲಿ ಇರುತ್ತದೆ. ಊಟಕ್ಕೆ ಕೂತಾಗಲೂ ಇರುತ್ತದೆ, ತರಕಾರಿ ತರಲು ಹೊರಟಾಗಲೂ ಇರುತ್ತದೆ. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದಾಗಲೂ ಇತ್ತು. ಡಾಕ್ಟರು ಹಲ್ಲು ಕಿತ್ತು ಹತ್ತಿ ಇಟ್ಟ ಮೇಲೆ ಅವಳು ಆ ಹತ್ತಿಯ ಸಂದಿಯಿಂದಲೇ ಆಡಿದ ಮೊದಲ ಮಾತು, "ನಿಮ್ಮ ಕೋಟಿನ ಎಡಗೈ ಉದ್ದ ಆಗಿದೆ ಡಾಕ್ಟ್ರೇ, ಕೊಡಿ, ಸರಿ ಮಾಡ್ಕೊಡ್ತೀನಿ."

ನಾನು ಬೀದಿಯ ತಿರುವಿನಲ್ಲಿರುವ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಮಧ್ಯಾಹ್ನದ ಊಟ ಅತ್ತೆಯ ಮನೆಯಲ್ಲಿ. ಊಟ ಬಿಟ್ಟಿ ಸಿಗುತ್ತದಲ್ಲ ಎಂದು ಯಾರೂ ಹೊಟ್ಟೆಕಿಚ್ಚು ಪಡಬೇಡಿ. ಅತ್ತೆಗೂ ಮಾವನಿಗೂ ಬೆಳಗಿನಿಂದ ನಡೆದ ಜಗಳಕ್ಕೆ ತೀರ್ಪು ಹೇಳುವ ಕೆಲಸ ನನ್ನದು. ಯಾರ ಪರ ಹೇಳಿದರೂ ಇನ್ನೊಬ್ಬರು ಬಡಿಸುವಾಗ ಮುಖ ಊದಿಸಿಕೊಂಡಿರುತ್ತಾರೆ. ಆದ್ದರಿಂದ ನಾನು ಬಾಯಿ ತುಂಬ ತುತ್ತಿಟ್ಟುಕೊಂಡು ಇಬ್ಬರಿಗೂ ತಲೆ ಆಡಿಸುವುದನ್ನು ಕಲಿತಿದ್ದೇನೆ.

ಅಂಗಡಿಯಲ್ಲಿ ಸಿಗುವ ಸಿದ್ಧ ಉಡುಪು ಯಾರಿಗೆ ಹೊಂದುವುದಿಲ್ಲವೋ ಅವರೇ ಅತ್ತೆಯ ಗಿರಾಕಿಗಳು. ಒಂದು ಭುಜ ಕೆಳಗಿರುವ ಬಸ್ ಡ್ರೈವರು, ದಿನವೆಲ್ಲ ಗಾಲಿಕುರ್ಚಿಯಲ್ಲೇ ಕೂತಿರುವ ಗಡಿಯಾರ ರಿಪೇರಿಯವರು, ಆಪರೇಷನ್ ಆಗಿ ಎದೆಯ ಒಂದು ಬದಿ ಚಪ್ಪಟೆಯಾಗಿರುವ ಲೈಬ್ರರಿ ಮೇಡಂ, ತನಗಿಂತ ಮೊದಲು ತನ್ನ ಹೊಟ್ಟೆಯನ್ನು ಬಾಗಿಲೊಳಗೆ ಕಳಿಸುವ ಬೇಕರಿಯಾತ. ಅವರ ಎದುರಿಗೆ ಅತ್ತೆ ಮೈಯ ಸುದ್ದಿ ಎತ್ತುವುದಿಲ್ಲ. "ಈ ಬಟ್ಟೆಗೆ ಬುದ್ಧಿ ಇಲ್ಲ, ಎಲ್ಲಿ ಕೂರಬೇಕು ಅಂತ ಗೊತ್ತಾಗ್ತಿಲ್ಲ" ಎಂದು ಬಟ್ಟೆಯನ್ನೇ ಬೈಯುತ್ತಾಳೆ. ಬಂದವರು ನಗುತ್ತಾರೆ, ಭುಜ ಸಡಿಲಿಸುತ್ತಾರೆ, ಆಗ ಅಳತೆ ಸರಿಯಾಗಿ ಸಿಗುತ್ತದೆ.

ಒಬ್ಬೊಬ್ಬ ಗಿರಾಕಿಗೂ ಒಂದೊಂದು ಪೇಪರ್ ಕಟಿಂಗು ಇತ್ತು. ಅಂದರೆ ಅವರ ಮೈಗೆ ತಕ್ಕಂತೆ ಕತ್ತರಿಸಿದ ಕಾಗದದ ಮಾದರಿ. ಮುಂಭಾಗ, ಬೆನ್ನು, ತೋಳು, ಕಾಲರು, ಎಲ್ಲ ಬೇರೆ ಬೇರೆ. ಅದನ್ನು ಬಟ್ಟೆಯ ಮೇಲಿಟ್ಟು ಗುರುತು ಮಾಡಿ ಕತ್ತರಿಸಿದರೆ ಆಯಿತು, ಮತ್ತೆ ಅಳತೆ ತೆಗೆಯುವ ಗೋಜಿಲ್ಲ. ಹಿಂದಿನ ಕೋಣೆಯಲ್ಲಿ ಇವೆಲ್ಲ ಕೊಕ್ಕೆಗಳಿಗೆ ಜೋತುಬಿದ್ದಿದ್ದವು. ಒಂದು ದಿನ ಮೇಲಿನ ಮನೆಯ ಸ್ನಾನದ ಕೋಣೆಯ ಪೈಪು ಒಡೆದು ಅರ್ಧ ಊರಿನ ಬೆನ್ನು, ಭುಜಗಳೆಲ್ಲ ಒದ್ದೆ ಮುದ್ದೆಯಾದವು. ಉಳಿದಷ್ಟನ್ನು ಅತ್ತೆ ಕಂಪ್ಯೂಟರಿನಲ್ಲಿ ಬರೆದಿಟ್ಟುಕೊಂಡಳು. ಅದಕ್ಕೆಂದೇ ಇರುವ ಒಂದು ಪ್ರೋಗ್ರಾಮನ್ನು ಹಟ ಹಿಡಿದು ಕಲಿತಳು. ಕಾಗದಗಳು ರದ್ದಿಗೆ ಹೋದವು.

ಇನ್ನು ಬುಟ್ಟಿಯ ವಿಷಯ. ಅತ್ತೆಯ ಹೊಲಿಗೆ ಮೇಜಿನ ಕೆಳಗೆ ಬೆತ್ತದ ದೊಡ್ಡ ಬುಟ್ಟಿಯಿದೆ. ಕತ್ತರಿಸಿ ಉಳಿದ ತುಂಡು, ಬಿಚ್ಚಿದ ಕಾಲರು, ಬೇಡವೆಂದ ಜೇಬು, ಎಲ್ಲ ಅದರೊಳಗೆ. ಮೇಜಿನ ಮೇಲೆ ಇರಬೇಕಾದದ್ದು ಈಗಿನ ಕೆಲಸ ಮಾತ್ರ, ಉಳಿದದ್ದಕ್ಕೆಲ್ಲ ಬುಟ್ಟಿ. ಆದರೆ ಬುಟ್ಟಿ ಎಂದರೆ ಕಸವಲ್ಲ. ಯಾರದೋ ಮೊಣಕೈ ಹರಿದು ಬಂದರೆ ಅದೇ ಬಟ್ಟೆಯ ತುಂಡು ಆ ಬುಟ್ಟಿಯಿಂದಲೇ ಏಳಬೇಕು. ಒಮ್ಮೆ ಮಾವ ಮನೆ ಸ್ವಚ್ಛ ಮಾಡುವ ಉಮೇದಿನಲ್ಲಿ ಬುಟ್ಟಿಯನ್ನು ಬೀದಿಯ ತೊಟ್ಟಿಗೆ ಸುರಿದು ಬಂದಿದ್ದರು. ಅತ್ತೆ ಅವರನ್ನೇ ವಾಪಸ್ಸು ಕಳಿಸಿ ಪ್ರತಿಯೊಂದು ತುಂಡನ್ನೂ ಹೆಕ್ಕಿಸಿದಳು. ತೊಟ್ಟಿಯೊಳಗೆ ಬಗ್ಗಿದ್ದ ಮಾವನನ್ನು ಕಂಡು ದಾರಿಯಲ್ಲಿ ಹೋಗುವವರು ಏನೋ ಕಳೆದುಕೊಂಡಿದ್ದಾರೆಂದು ಮರುಗಿದರಂತೆ.

ಮಾವ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿಗಳ ನಡುವೆ ಆಯುಸ್ಸು ಸವೆಸಿದವರು. ನಿವೃತ್ತಿಯಾದ ಮೇಲೆ ಅವರಿಗೆ ಎರಡು ಹುಚ್ಚು ಹಿಡಿದವು. ಒಂದು, ಕಂಡವರ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವುದು. ಇನ್ನೊಂದು ಲಿನಕ್ಸ್. ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ತಂತ್ರಾಂಶ, ವಿಂಡೋಸ್ ಇದ್ದ ಹಾಗೆ ಅದೂ ಒಂದು ಎಂದು ನಾನು ಒಮ್ಮೆ ಹೇಳಿಬಿಟ್ಟೆ. "ಇದ್ದ ಹಾಗೆ ಅಂತೆ! ಬಾಡಿಗೆ ಮನೆಗೂ ಸ್ವಂತ ಮನೆಗೂ ವ್ಯತ್ಯಾಸ ಇಲ್ವೇನಮ್ಮಾ? ಇಲ್ಲಿ ಬೇಕಾದ ಗೋಡೆಗೆ ಬೇಕಾದ ಮೊಳೆ ಹೊಡೀಬಹುದು" ಎಂದು ಊಟ ಮುಗಿಯುವವರೆಗೂ ಬಿಡಲಿಲ್ಲ. ಅತ್ತೆ ಮೆಲ್ಲಗೆ, "ಹೌದು, ಮೊಳೆ ಹೊಡೀತಾನೇ ಇರ್ತಾರೆ, ಮನೇಲಿ ವಾಸ ಮಾಡಿದ್ದು ನಾನಂತೂ ನೋಡಿಲ್ಲ" ಎಂದಳು.

ಹೀಗೆ ಬೈದಾಡಿಕೊಂಡರೂ ಒಬ್ಬರನ್ನು ಬಿಟ್ಟು ಇನ್ನೊಬ್ಬರ ಕೆಲಸ ನಡೆಯುತ್ತಿರಲಿಲ್ಲ. ಅತ್ತೆ ಮಾದರಿ ಬರೆಯುವ ಪ್ರೋಗ್ರಾಮು ವಿಂಡೋಸಿನಲ್ಲಿ ಮಾತ್ರ ನಡೆಯುತ್ತದೆ. ಬರೆದದ್ದನ್ನು ಅಳತೆಗೆ ಸರಿಯಾಗಿ ಉದ್ದನೆಯ ಕಾಗದದ ಸುರುಳಿಯ ಮೇಲೆ ಅಚ್ಚು ಮಾಡುವ ಪ್ರಿಂಟರು ಮಾತ್ರ ತೀರಾ ಹಳೆಯದು. ಹೊಸ ವಿಂಡೋಸಿಗೆ ಅದರ ಗುರುತೇ ಇರಲಿಲ್ಲ. ಮಾವನ ಲಿನಕ್ಸ್ ಹೇಳಿದರೆ ಮಾತ್ರ ಅದು ಗೊರಗೊರ ಎಂದು ಎಚ್ಚರಾಗುತ್ತಿತ್ತು. ಆದ್ದರಿಂದ ಪ್ರತಿಯೊಂದು ಕಟಿಂಗೂ ಪೆನ್‌ಡ್ರೈವಿನಲ್ಲಿ ಕೂತು ಈ ಕೋಣೆಯಿಂದ ಆ ಕೋಣೆಗೆ ಪ್ರಯಾಣ ಮಾಡಬೇಕು. ಬಟ್ಟೆ ಕತ್ತರಿಸಿದ ಮೇಲೆ ಅಚ್ಚಾದ ಕಾಗದ ರದ್ದಿಗೆ, ಪೆನ್‌ಡ್ರೈವು ಮುಂದಿನ ಕಟಿಂಗುಗಳಿಗೆ ಖಾಲಿ.

ಒಂದು ದಿನ ಆ ಪೆನ್‌ಡ್ರೈವು ಕಾಣೆಯಾಯಿತು. ಮನೆ ಜಾಲಾಡಿದ್ದಾಯಿತು, ಒಬ್ಬರ ಮೇಲೊಬ್ಬರು ಹಾಕಿದ್ದಾಯಿತು, ನನ್ನ ಕೈಚೀಲವನ್ನೂ ತಪಾಸಣೆ ಮಾಡಿದರು. ವಾರ ಕಳೆದ ಮೇಲೆ ಬಸ್ ಡ್ರೈವರು ಬಂದು, "ಟೇಪತ್ತೆ, ಹೊಸ ಕೋಟು ಅದ್ಭುತವಾಗಿದೆ, ಆದ್ರೆ ಭುಜದೊಳಗೆ ಏನೋ ಚುಚ್ಚುತ್ತೆ" ಎಂದರು. ಕೆಳಗಿರುವ ಭುಜವನ್ನು ಮೇಲೆ ಮಾಡಲು ಒಳಗೆ ಇಡುವ ಮೆತ್ತೆಯ ಜೊತೆಗೆ ಅತ್ತೆ ಪೆನ್‌ಡ್ರೈವನ್ನೂ ಹೊಲಿದುಬಿಟ್ಟಿದ್ದಳು. ಆಗ ಅಚ್ಚಿಗೆ ಹೊರಟಿದ್ದ ಕಟಿಂಗುಗಳೆಲ್ಲ ಊರಿನ ಬಸ್ಸಿನಲ್ಲಿ ದಿನವೂ ಸವಾರಿ ಮಾಡಿ ಬಂದಿದ್ದವು.

ಮಾವ ಆವತ್ತೇ ಶಪಥ ಮಾಡಿದರು. ಮುಂದಿನ ವಾರವೇ ಬೀರುವಿನ ಮೇಲೆ ಒಂದು ಸಣ್ಣ ಪೆಟ್ಟಿಗೆ ಬಂದು ಕೂತಿತು. ಒಳಗೆ ಒಂದು ದೊಡ್ಡ ಡಿಸ್ಕು, ಹೊರಗೆ ಮಿಣುಕುವ ನೀಲಿ ದೀಪ. ಅದಕ್ಕೆ ಲಿನಕ್ಸಿನ ಮಾತೂ ಬರುತ್ತದೆ, ವಿಂಡೋಸಿನ ಮಾತೂ ಬರುತ್ತದೆ. ಅತ್ತೆ ತನ್ನ ಕೋಣೆಯಿಂದ ಅದರೊಳಗೆ ಇಟ್ಟದ್ದನ್ನು ಮಾವ ತಮ್ಮ ಕೋಣೆಯಿಂದ ತೆಗೆದುಕೊಂಡು ಅಚ್ಚು ಮಾಡಬಹುದು. ಅದರ ಪಕ್ಕದಲ್ಲೇ ಇನ್ನೊಂದು ಡಿಸ್ಕು. ಮೊದಲನೆಯದರಲ್ಲಿ ಇಟ್ಟದ್ದೆಲ್ಲ ಆಗಿಂದಾಗಲೇ ಅದಕ್ಕೆ ತಾನಾಗಿಯೇ ನಕಲಾಗುತ್ತದೆ. "ಪೈಪು ಒಡೆದ್ರೂ ಭಯ ಇಲ್ಲ, ಒಂದು ಹೋದ್ರೆ ಇನ್ನೊಂದಿದೆ" ಎಂದು ಮಾವ ಮೀಸೆ ತಿರುವಿದರು.

ಮೊದಲ ದಿನವೇ ರಾದ್ಧಾಂತವಾಯಿತು. ಅತ್ತೆಗೆ ಫೋಲ್ಡರು ಕಾಣಿಸುತ್ತಿತ್ತು, ತೆರೆಯುತ್ತಿತ್ತು, ಆದರೆ ಅದರೊಳಗೆ ಏನನ್ನು ಇಡಹೋದರೂ ನಿಮಗೆ ಅನುಮತಿಯಿಲ್ಲ ಎಂದು ಬರುತ್ತಿತ್ತು. ಮಾವ ಅವಳಿಗೆ ಓದುವ ಹಕ್ಕನ್ನು ಮಾತ್ರ ಕೊಟ್ಟಿದ್ದರು.

"ನೋಡಬಹುದು, ಮುಟ್ಟಬಾರದು ಅಂತಾನಾ? ನಾನೇನು ಅಂಗಡಿ ಕಿಟಕಿ ನೋಡೋಕೆ ಬಂದೋಳೇನ್ರೀ? ಮದುವೆಯಾಗಿ ಇಷ್ಟು ಕಾಲ ಆಯ್ತು, ನನ್ನ ಮನೇಲಿ ನನಗೇ ಅನುಮತಿ ಇಲ್ಲ!"

"ಭದ್ರತೆ ಕಣೇ, ಮೊದಲು ಎಲ್ಲ ಬಿಗಿಯಾಗಿಟ್ಟು ಆಮೇಲೆ ಸಡಿಲ ಮಾಡ್ಬೇಕು."

"ಹೊಲಿಗೇಲಿ ಹಾಗೆ ಮಾಡಿದ್ರೆ ಗಿರಾಕಿ ಉಸಿರು ಕಟ್ಟಿ ಸಾಯ್ತಾನೆ."

ಆ ದಿನ ತೀರ್ಪು ಹೇಳುವುದು ಸುಲಭವಿತ್ತು. ಮಾವ ಹಕ್ಕು ಬದಲಿಸಿದರು. ಅತ್ತೆ ತನ್ನ ಕಟಿಂಗುಗಳನ್ನೆಲ್ಲ ತಾನೇ ಸಾಗಿಸುವುದಾಗಿ ಹೇಳಿ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿದಳು. ಮಾವ ತಮ್ಮ ಕೋಣೆಯಿಂದಲೇ "ಬಂತು, ಬಂತು, ಎಲ್ಲ ಬಂತು!" ಎಂದು ಕೂಗಿ, ಗೆದ್ದ ಖುಷಿಯಲ್ಲಿ ಚಹಾ ಮಾಡಲು ಹೋದರು. ಆ ಚಹಾ ಕುದಿಯುವಷ್ಟರಲ್ಲಿ ನಡೆದದ್ದು ನಮಗೆ ಗೊತ್ತಾದದ್ದು ತಿಂಗಳುಗಳ ಮೇಲೆ, ಹಾಡಿನ ಟೀಚರು ಬಂದಾಗ. ಅಲ್ಲಿಯವರೆಗೆ ಬಂದದ್ದೆಲ್ಲ ಹರಿದದ್ದನ್ನು, ಬಿಗಿಯಾದದ್ದನ್ನು ಸರಿಮಾಡುವ ಕೆಲಸ, ಹಳೆಯ ಕಟಿಂಗು ಬೇಕಾಗಿರಲಿಲ್ಲ.

ಹಾಡಿನ ಟೀಚರು ಅಲ್ಲೇ ದೊಡ್ಡ ಶಾಲೆಯಲ್ಲಿ ಸಂಗೀತ ಕಲಿಸುವವಳು, ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಬೆನ್ನುಮೂಳೆ ಒಂದು ಕಡೆಗೆ ಬಾಗಿ, ಬಲ ಭುಜದ ಹಿಂದೆ ಗೂನು ಎದ್ದಿದೆ. ಹುಡುಗಿಯಾಗಿದ್ದಾಗ ಒಂದು ಬಟ್ಟೆ ಅಂಗಡಿಯಲ್ಲಿ ಅವಳ ಅಳತೆಯನ್ನು ಗಟ್ಟಿಯಾಗಿ ಕೂಗಿ ಹೇಳಿ ಬರೆಸಿದ್ದರಂತೆ. ಸಾಲಿನಲ್ಲಿ ನಿಂತವರು ಕಿಸಕ್ಕೆಂದಿದ್ದರಂತೆ. ಅಂದಿನಿಂದ ಟೇಪು ಕಂಡರೆ ಅವಳಿಗೆ ಮೈ ಮುದುಡುತ್ತಿತ್ತು. ಅವಳ ತಾಯಿ ಅತ್ತೆಯ ಹತ್ತಿರ ಕರೆತಂದಾಗ ಅವಳು ಕಣ್ಣು ಮುಚ್ಚಿ ನಿಂತಿದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅತ್ತೆ ಒಂದು ಮಾತೂ ಆಡದೆ ಅಳತೆ ತೆಗೆದು, ಕೊನೆಗೆ, "ಇದೇ ಕೊನೆ ಮರಿ. ಇನ್ಮೇಲೆ ಈ ಟೇಪು ನಿನ್ನ ಮೈ ಮುಟ್ಟೋದಿಲ್ಲ. ನೀನು ದಪ್ಪ ಆಗು, ಸಣ್ಣ ಆಗು, ಅದನ್ನ ನನ್ನ ಕಣ್ಣಿಗೆ ಬಿಡು" ಎಂದಿದ್ದಳು. ಆ ಮಾತನ್ನು ಅತ್ತೆ ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದಳು. ಆ ಒಂದೇ ಕಟಿಂಗನ್ನು ಇಟ್ಟುಕೊಂಡು, ಅವಳು ಬಾಗಿಲಲ್ಲಿ ಬರುವುದನ್ನು ಒಮ್ಮೆ ಕಣ್ಣಿಟ್ಟು ನೋಡಿ, ಇಲ್ಲಿ ಚೂರು ಅಲ್ಲಿ ಚೂರು ತಿದ್ದಿ ಹೊಲಿದುಕೊಡುತ್ತಿದ್ದಳು.

ಈ ಸಲ ಅವಳು ಬಂದದ್ದು ಒಳ್ಳೆಯ ಸುದ್ದಿ ಹೊತ್ತುಕೊಂಡು. ಊರಿನ ಗಾಯನ ವೃಂದವನ್ನು ನಡೆಸುತ್ತಿದ್ದ ಹಿರಿಯರು ಬೇರೆ ಊರಿಗೆ ಹೋಗಿದ್ದರು, ಅವರ ಜಾಗಕ್ಕೆ ಇವಳನ್ನು ಆರಿಸಿದ್ದರು. ಇಷ್ಟು ದಿನ ವೇದಿಕೆಯ ಮೂಲೆಯಲ್ಲಿ ಪಿಯಾನೋದ ಹಿಂದೆ ಕೂತು ನುಡಿಸುತ್ತಿದ್ದವಳು ಇನ್ನು ನಟ್ಟನಡುವೆ ನಿಂತು ಕೈಯಾಡಿಸಿ ಹಾಡಿಸಬೇಕು.

"ಹಾಡೋರ ಕಡೆ ಮುಖ ಮಾಡಿ ನಿಲ್ಬೇಕು ಅತ್ತೆ. ಅಂದ್ರೆ ಕೂತಿರೋ ಅಷ್ಟೂ ಜನಕ್ಕೆ ಕಾಣೋದು ನನ್ನ ಬೆನ್ನು" ಎಂದು ನಗಲು ನೋಡಿದಳು. "ಕಪ್ಪು ಕೋಟು ಹೊಲಿದುಕೊಡ್ತೀರಾ?"

"ಬಟ್ಟೆ ಕೊಟ್ಟು ಹೋಗು, ಉಳಿದದ್ದು ನನಗೆ ಬಿಡು. ನಿನ್ನ ಕಟಿಂಗು ನನ್ನ ಹತ್ರ ಭದ್ರವಾಗಿದೆ" ಎಂದಳು ಅತ್ತೆ.

ಟೀಚರು ಹೋದ ಮೇಲೆ ಅತ್ತೆ ಕಂಪ್ಯೂಟರಿನ ಮುಂದೆ ಕೂತಳು. ನಾನು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದೆ. "ಬಾರೇ ಇಲ್ಲಿ. ನನ್ನ ಬುಟ್ಟಿ ಖಾಲಿ ಕಾಣ್ತಿದೆಯಲ್ಲ" ಎಂದಳು. ನಾನು ಮೇಜಿನ ಕೆಳಗೆ ಬಗ್ಗಿ ನೋಡಿ, ತುಂಬಿದೆಯಲ್ಲ ಎಂದೆ. "ಅದಲ್ಲ, ಇದು" ಎಂದು ಅವಳು ಪರದೆಯ ಮೂಲೆಯಲ್ಲಿರುವ ಕಸದ ಬುಟ್ಟಿಯ ಚಿತ್ರಕ್ಕೆ ಬೆರಳು ಇಟ್ಟಳು.

ನಾನು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತೆ. ಕೇಳುತ್ತಾ ಹೋದಂತೆ ಎಲ್ಲ ಹೊರಬಂತು. ನಮ್ಮ ಅತ್ತೆ ಕಂಪ್ಯೂಟರು ಕಲಿತ ದಿನದಿಂದಲೂ ಕೆಲಸ ಮುಗಿದ ಕಟಿಂಗನ್ನೆಲ್ಲ ಡಿಲೀಟ್ ಒತ್ತಿ ಆ ಬುಟ್ಟಿಗೆ ಹಾಕುತ್ತಿದ್ದಳು. ಗಿರಾಕಿ ಮತ್ತೆ ಬಂದಾಗ ಬುಟ್ಟಿ ತೆರೆದು ಬೇಕಾದದ್ದನ್ನು ವಾಪಸ್ಸು ಎತ್ತಿಕೊಳ್ಳುತ್ತಿದ್ದಳು. ಮೇಜಿನ ಮೇಲೆ ಈಗಿನ ಕೆಲಸ ಮಾತ್ರ, ಉಳಿದದ್ದಕ್ಕೆಲ್ಲ ಬುಟ್ಟಿ! ಅವಳದೇ ಕಂಪ್ಯೂಟರಿನಲ್ಲಿ ಇದ್ದಷ್ಟು ದಿನ ಅದು ನಡೆಯಿತು. ಹೊಸ ಪೆಟ್ಟಿಗೆ ಬಂದ ದಿನ ಎಲ್ಲವನ್ನೂ ಬುಟ್ಟಿಯಿಂದ ಎತ್ತಿ ಅಲ್ಲಿಗೆ ಸಾಗಿಸಿ, ಮಾವ ಚಹಾ ಮಾಡಲು ಹೋದಾಗ, ಹರಡಿಕೊಂಡಿದೆಯಲ್ಲ ಎಂದು ರೂಢಿಯಂತೆ ಎಲ್ಲವನ್ನೂ ಬುಟ್ಟಿಗೆ ಹಾಕಿದ್ದಳು.

"ಏನಾದ್ರೂ ಕೇಳ್ತಾ ಅದು?" ಎಂದೆ.

"ಕೇಳ್ತು, ಶಾಶ್ವತವಾಗಿ ಅಳಿಸಲಾ ಅಂತ. ಅದು ಯಾವಾಗ ಏನು ಕೇಳಲ್ಲ ಹೇಳು? ಹೌದು ಅಂದೆ."

ಮಾವನನ್ನು ಕರೆದೆ. ಅವರು ವಿಷಯ ಕೇಳಿ ಅಲ್ಲೇ ಕುರ್ಚಿಗೆ ಕುಸಿದರು. "ಅಯ್ಯೋ ಪುಣ್ಯಾತ್ಗಿತ್ತಿ, ನೆಟ್‌ವರ್ಕಿನಲ್ಲಿರೋ ಪೆಟ್ಟಿಗೆಯಿಂದ ಅಳಿಸಿದ್ದು ನಿನ್ನ ಕಂಪ್ಯೂಟರಿನ ಬುಟ್ಟಿಗೆ ಬೀಳಲ್ಲ ಕಣೇ! ನೇರ ಹೋಗಿಬಿಡುತ್ತೆ!"

"ಅದನ್ನ ಆವತ್ತು ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಕಸದ ಬುಟ್ಟೀಲಿ ಸಂಸಾರ ಮಾಡ್ತಿದ್ದೀಯ ಅಂತ ನನಗೇನು ಕನಸು ಬಿದ್ದಿತ್ತಾ?"

"ಹೋಗ್ಲಿ ಬಿಡಿ, ಇನ್ನೊಂದು ಡಿಸ್ಕಿದೆಯಲ್ಲ. ಒಂದು ಹೋದ್ರೆ ಇನ್ನೊಂದಿದೆ ಅಂತ ಮೀಸೆ ತಿರುವಿದ್ರಲ್ಲ, ಅದರಿಂದ ತೆಗೀರಿ."

ಮಾವನ ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು. ಎರಡನೆಯ ಡಿಸ್ಕು ಮೊದಲನೆಯದರ ಕನ್ನಡಿಯಂತೆ ಇರಬೇಕೆಂದು ಅವರೇ ಏರ್ಪಾಡು ಮಾಡಿದ್ದರು. ಇಲ್ಲಿ ಸೇರಿದ್ದು ಅಲ್ಲೂ ಸೇರಬೇಕು, ಇಲ್ಲಿ ಅಳಿದದ್ದು ಅಲ್ಲೂ ಅಳಿಯಬೇಕು. ಅದು ಎಷ್ಟು ನಿಯತ್ತಿನ ಕನ್ನಡಿಯೆಂದರೆ ಅತ್ತೆ ಅಳಿಸಿದ ಗಳಿಗೆಯಲ್ಲೇ ತಾನೂ ಒಂದನ್ನೂ ಬಿಡದೆ ಅಳಿಸಿ ಕೂತಿತ್ತು. ನಾನು ನಗಬಾರದಿತ್ತು. ಆದರೆ ಇಂಗು ತಿಂದ ಮಂಗನಂತೆ ಒಬ್ಬರನ್ನೊಬ್ಬರು ನೋಡುತ್ತಿದ್ದ ಆ ಇಬ್ಬರನ್ನು ಕಂಡು ತಡೆಯಲಾಗಲಿಲ್ಲ. ಅತ್ತೆ ನನ್ನ ಬೆನ್ನಿಗೆ ಗುದ್ದಿದಳು. ಆಮೇಲೆ ಕೊರಳಿನ ಟೇಪನ್ನು ತೆಗೆದು ಮೇಜಿನ ಮೇಲಿಟ್ಟಳು, ಆಗ ನನ್ನ ನಗು ತಾನಾಗಿ ನಿಂತಿತು.

"ಬಸ್ಸಿನವರಿಗೆ ಬೇಕಾದ್ರೆ ಇನ್ನೊಂದು ಸಲ ಅಳತೆ ತಗೋತೀನಿ. ಬೇಕರಿಯವನು ಕರೆದ್ರೆ ಕುಣ್ಕೊಂಡು ಬರ್ತಾನೆ. ಆ ಮರಿಗೆ ಏನು ಹೇಳಲಿ? ಇನ್ನು ಮುಟ್ಟಲ್ಲ ಅಂದಿದ್ದೆ" ಎಂದಳು.

ಅಳಿಸಿದ್ದು ಅಳಿಸಿದ ಕೂಡಲೇ ಮಾಯವಾಗುವುದಿಲ್ಲ, ಅದರ ಜಾಗದಲ್ಲಿ ಬೇರೆ ಏನಾದರೂ ಬಂದು ಕೂರುವವರೆಗೂ ಉಳಿದಿರುತ್ತದೆ ಎಂದು ಮಾವ ಧೈರ್ಯ ಹೇಳಿದರು. ಆಮೇಲೆ ಅವರದೇ ಮಾತು ಅವರ ಗಂಟಲಿಗೆ ಸಿಕ್ಕಿತು. ಆ ಜಾಗದಲ್ಲಿ ಬಂದು ಕೂತಿದ್ದು ಅವರದೇ ಕ್ಯಾಸೆಟ್ಟುಗಳು. ಅರ್ಧ ಬೀದಿಯವರ ಹಳೆಯ ಹಾಡು, ಮಕ್ಕಳ ತೊದಲು ಮಾತು, ಯಾರದೋ ತಾತನ ಗೊರಕೆ, ಎಲ್ಲವನ್ನೂ ಅವರು ತಿಂಗಳುಗಟ್ಟಲೆ ಅಲ್ಲಿಗೇ ಸುರಿದಿದ್ದರು. ಹಾಗಾಗಿ ಇಬ್ಬರ ತಪ್ಪೂ ತಕ್ಕಡಿಯಲ್ಲಿ ಸಮವಾಯಿತು, ಅವರ ಜಗಳವೂ ನಿಂತಿತು. ಆ ಮನೆಯಲ್ಲಿ ಜಗಳ ನಿಂತರೆ ನನಗೆ ಹೆದರಿಕೆಯಾಗುತ್ತದೆ.

ಮಾವ ಡಿಸ್ಕನ್ನು ಬಿಚ್ಚಿ ತಮ್ಮ ಯಂತ್ರಕ್ಕೆ ಸಿಕ್ಕಿಸಿ, ಅಳಿದುಹೋದದ್ದನ್ನು ಹುಡುಕುವ ಪ್ರೋಗ್ರಾಮು ಹಚ್ಚಿ ಕಣ್ಣಲ್ಲಿ ಕಣ್ಣಿಟ್ಟು ಕಾದರು. ನಿಧಾನಕ್ಕೆ ಒಂದೊಂದೇ ಕಟಿಂಗು ಮೇಲೆದ್ದು ಬಂತು. ಆದರೆ ಹೆಸರುಗಳು ಹೋಗಿದ್ದವು. ಯಾವುದು ಯಾರದೆಂದು ಮಾವನಿಗೂ ಗೊತ್ತಿಲ್ಲ, ಯಂತ್ರಕ್ಕೂ ಗೊತ್ತಿಲ್ಲ. ಪರದೆಯ ಮೇಲೆ ಬರೀ ಗೆರೆಗಳು. ಅತ್ತೆ ಕನ್ನಡಕ ಏರಿಸಿ ಪಕ್ಕದಲ್ಲಿ ಕೂತಳು.

"ಇದು ಬೇಕರಿಯವನ ಹೊಟ್ಟೆ. ಮೊದಲು ಸಣ್ಣ ಇತ್ತು ಪಾಪ. ಇದು ಲೈಬ್ರರಿ ಮೇಡಮ್ಮಿನ ಎಡ ಎದೆ. ಇದು... ಇದು ನಿಮ್ಮದು ಕಣ್ರೀ, ಮದುವೆ ವರ್ಷದ ಕೋಟು! ಆಗ ಎಷ್ಟು ಕಡ್ಡಿ ಇದ್ರಿ."

ಮಾವ ನಾಚಿ, "ಮುಂದೆ ನೋಡು, ಮುಂದೆ ನೋಡು" ಎಂದರು. ಆ ಮಧ್ಯಾಹ್ನ ನಾನು ಅಂಗಡಿಗೆ ತಡವಾಗಿ ಹೋಗಿ ಬೈಸಿಕೊಂಡೆ. ಊರಿನ ಜನರೆಲ್ಲ ಹೆಸರಿಲ್ಲದೆ ಒಬ್ಬೊಬ್ಬರಾಗಿ ಬರುವುದು, ಅತ್ತೆ ಅವರ ಭುಜ ಸೊಂಟ ನೋಡಿ ಗುರುತಿಸಿ ಮಾತಾಡಿಸುವುದು, ಅದನ್ನು ಬಿಟ್ಟು ಏಳಲು ಯಾರಿಗೆ ಮನಸ್ಸು ಬರುತ್ತದೆ?

ಹಾಡಿನ ಟೀಚರ ಕಟಿಂಗೂ ಬಂತು. ಮುಂಭಾಗ ಬಂತು, ತೋಳುಗಳು ಬಂದವು, ಕಾಲರು ಬಂತು. ಬೆನ್ನು ಮಾತ್ರ ತೆರೆಯಲಿಲ್ಲ. ಮಾವ ಜಪ್ಪಯ್ಯ ಎಂದರೂ ತೆರೆಯಲಿಲ್ಲ. ಅದರ ಮೇಲೆ ಯಾವುದೋ ಹಾಡು ಬಂದು ಕೂತಿತ್ತು.

ಅತ್ತೆ ನೆನಪಿನಿಂದ ಬರೆಯಲು ಕೂತಳು. ಬರೆದಳು, ಅಚ್ಚು ಮಾಡಿಸಿದಳು, ಹಳೆಯ ಹಾಸಿಗೆ ಬಟ್ಟೆಯಲ್ಲಿ ಕತ್ತರಿಸಿ ಹೊಲಿದು ಮೂಲೆಯಲ್ಲಿದ್ದ ಆಳೆತ್ತರದ ಗೊಂಬೆಗೆ ತೊಡಿಸಿ ನೋಡಿದಳು. ಮತ್ತೆ ಬಿಚ್ಚಿದಳು. ಉಳಿದ ಯಾವ ಬೆನ್ನನ್ನಾದರೂ ಕಣ್ಣಂದಾಜಿನಲ್ಲಿ ಬರೆಯಬಲ್ಲವಳಿಗೆ ಈ ಬೆನ್ನು ಕೈಗೆ ಹತ್ತಲಿಲ್ಲ. ಊಟ ಬಡಿಸುವಾಗ ಉಪ್ಪಿಲ್ಲದ್ದನ್ನು ಬಡಿಸಿದಳು, ಮಾವ ತುಟಿ ಪಿಟಕ್ಕೆನ್ನದೆ ಉಂಡರು. ನನಗೆ ರೇಗಿ ಹೋಯಿತು. "ಹೋಗಿ ಇದ್ದದ್ದು ಇದ್ದ ಹಾಗೆ ಹೇಳಬಾರದಾ ಅತ್ತೆ? ಅವಳೇನು ಇನ್ನೂ ಚಿಕ್ಕ ಹುಡುಗೀನಾ?" ಎಂದೆ.

"ನಿನಗೆ ಗೊತ್ತಿಲ್ಲ ಸುಮ್ನಿರು. ಅವಳ ಕಣ್ಣೀರು ನನ್ನ ಕೈ ಮೇಲೆ ಬಿದ್ದಿತ್ತು" ಎಂದಳು.

ಕೊನೆಗೆ ಟೀಚರೇ ಬಂದಳು, ಕೋಟು ಎಲ್ಲಿಗೆ ಬಂತೆಂದು ಕೇಳಲು. ಕಪ್ಪು ಬಟ್ಟೆ ಕೊಟ್ಟ ಹಾಗೆಯೇ ಮಡಿಕೆ ಮುರಿಯದೆ ಮೇಜಿನ ಮೇಲಿತ್ತು. ಅತ್ತೆ ಅವಳನ್ನು ಕೂರಿಸಿ, ಒಂದನ್ನೂ ಮುಚ್ಚಿಡದೆ ಹೇಳಿದಳು. ಬುಟ್ಟಿ, ಪೆಟ್ಟಿಗೆ, ಕನ್ನಡಿ, ಕ್ಯಾಸೆಟ್ಟು. ಮಾವ ಬಾಗಿಲಲ್ಲಿ ನಿಂತು "ನನ್ನದೂ ತಪ್ಪಿದೆಯಮ್ಮಾ" ಎಂದು ನಡುನಡುವೆ ಸೇರಿಸುತ್ತಿದ್ದರು.

"ನಿನ್ನ ಬೆನ್ನಿನ ಕಟಿಂಗು ಹೋಯ್ತು ಮರಿ. ಮತ್ತೆ ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದೆ. ಬೇರೆ ಯಾರ ಹತ್ರ ಹೊಲಿಸಿದ್ರೂ ನಾನು ಬೇಜಾರು ಮಾಡ್ಕೊಳಲ್ಲ" ಎಂದು ಅತ್ತೆ ತಲೆ ತಗ್ಗಿಸಿದಳು.

ಟೀಚರು ಮೇಜಿನ ಮೇಲಿದ್ದ ಕಪ್ಪು ಬಟ್ಟೆಯ ಅಂಚನ್ನು ನೇವರಿಸಿದಳು. ಆಮೇಲೆ, "ಅತ್ತೆ, ಆ ಕಟಿಂಗು ನನಗೆ ಸಾಲದೆ ಎಷ್ಟೋ ಕಾಲ ಆಯ್ತು" ಎಂದಳು.

"ಸಾಲದೆ?"

"ಬೆನ್ನು ಚೆನ್ನಾಗೇ ಮುಚ್ಚುತ್ತೆ. ಕೈ ಮೇಲೆತ್ತಿದ್ರೆ ಮಾತ್ರ ಕಂಕುಳಲ್ಲಿ ಹಿಡಿಯುತ್ತೆ. ಪಿಯಾನೋ ಮುಂದೆ ಕೂತಿದ್ದಾಗ ಹೇಗೋ ನಡೀತಿತ್ತು."

"ಒಂದು ಮಾತು ಹೇಳಬಾರದಿತ್ತೇನೇ?"

"ಹೇಳಿದ್ರೆ ನೀವು ಅಳತೆ ತಗೋಬೇಕಾಗ್ತಿತ್ತಲ್ಲ. ಕೊಟ್ಟ ಮಾತು ಮುರೀಬೇಕಲ್ಲ ಅಂತ ನಿಮಗೆ ಸಂಕಟ ಆಗ್ತಿತ್ತು. ಅದಕ್ಕೇ ಸುಮ್ಮನಿದ್ದೆ."

ಒಬ್ಬಳು ಮಾತು ಉಳಿಸಿಕೊಳ್ಳಲು ಮುಟ್ಟಲಿಲ್ಲ, ಇನ್ನೊಬ್ಬಳು ಆ ಮಾತು ಉಳಿಯಲೆಂದು ಉಸಿರು ಬಿಗಿಹಿಡಿದು ತೊಟ್ಟುಕೊಂಡಳು. ಇಷ್ಟು ವರ್ಷ! ನನಗೆ ಇಬ್ಬರನ್ನೂ ಹಿಡಿದು ಅಲುಗಾಡಿಸಬೇಕೆನ್ನಿಸಿತು, ಇಬ್ಬರನ್ನೂ ಅಪ್ಪಿಕೊಳ್ಳಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ, ಯಾಕೆಂದರೆ ಟೀಚರು ಎದ್ದು ಕೋಣೆಯ ನಡುವೆ ಹೋಗಿ ನಮಗೆ ಬೆನ್ನು ಮಾಡಿ ನಿಂತು, ಎರಡೂ ತೋಳುಗಳನ್ನು ಅಗಲಿಸಿದಳು.

"ತಗೊಳ್ಳಿ ಅತ್ತೆ. ಕೈ ಮೇಲಿದ್ದಾಗಲೂ ತಗೊಳ್ಳಿ, ಕೆಳಗಿದ್ದಾಗಲೂ ತಗೊಳ್ಳಿ. ಸಂಖ್ಯೆ ಜೋರಾಗಿ ಹೇಳಿ, ಇವರು ಬರ್ಕೊಳ್ಳಲಿ."

ಮಾವ ಸದ್ದಿಲ್ಲದೆ ಆಚೆ ಹೋದರು. ಅತ್ತೆ ಟೇಪು ತೆಗೆದಳು. ಇಷ್ಟು ಜನರ ಮೈಯನ್ನು ಲೀಲಾಜಾಲವಾಗಿ ಅಳೆದ ಕೈ ಮೊದಲ ಸಲ ತಪ್ಪಿತು, ಎರಡನೆಯ ಸಲವೂ ತಪ್ಪಿತು. ಕಣ್ಣಿಗೆ ಏನೂ ಕಾಣುತ್ತಿಲ್ಲ ಎಂದು ಸೆರಗಿನಲ್ಲಿ ಕನ್ನಡಕ ಒರೆಸಿದಳು. ಒರೆಸಬೇಕಾದದ್ದು ಕನ್ನಡಕವಲ್ಲ ಎಂದು ನಾನು ಹೇಳಲಿಲ್ಲ. ಟೀಚರು ತಿರುಗದೆಯೇ, "ಜೋರಾಗಿ ಅತ್ತೆ, ಕೇಳಿಸ್ತಿಲ್ಲ" ಎಂದು ಕಾಡಿಸಿದಳು. ಅತ್ತೆ ಗಂಟಲು ಸರಿಮಾಡಿಕೊಂಡು ಒಂದೊಂದೇ ಸಂಖ್ಯೆಯನ್ನು ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು, ನಾನು ಬರೆದುಕೊಂಡೆ.

ಮಾವ ಅದೇ ವಾರ ಪೆಟ್ಟಿಗೆಗೆ ಒಂದು ತಿದ್ದುಪಡಿ ಮಾಡಿದರು. ಈಗ ಅತ್ತೆ ತನ್ನ ಕೋಣೆಯಿಂದ ಡಿಲೀಟ್ ಒತ್ತಿದ್ದೆಲ್ಲ ಅಳಿಯುವ ಬದಲು ಪೆಟ್ಟಿಗೆಯಲ್ಲೇ ಇರುವ ಬುಟ್ಟಿ ಎಂಬ ಫೋಲ್ಡರಿಗೆ ಹೋಗಿ ಬೀಳುತ್ತದೆ. ಎರಡನೆಯ ಡಿಸ್ಕಿಗೂ ಬುದ್ಧಿ ಹೇಳಿದರು, ಇಲ್ಲಿ ಅಳಿದರೂ ಅಲ್ಲಿ ಉಳಿಯುವಂತೆ. ಅತ್ತೆಯ ಅಭ್ಯಾಸವನ್ನೇ ಬದಲಿಸಬಹುದಿತ್ತಲ್ಲ ಎಂದು ನಾನು ಕೇಳಿದೆ. "ಯಂತ್ರವನ್ನ ಬದಲಿಸೋದು ಸುಲಭ ಕಣಮ್ಮಾ" ಎಂದು ಮಾವ ಪಿಸುಗುಟ್ಟಿದರು. ಅಡುಗೆಮನೆಯಿಂದ "ಕೇಳಿಸ್ತು" ಎಂದು ದನಿ ಬಂತು. ಜಗಳ ಮತ್ತೆ ಶುರುವಾಯಿತು, ಊಟಕ್ಕೆ ಉಪ್ಪೂ ಬಂತು.

ಕಾರ್ಯಕ್ರಮದ ಸಂಜೆ ನಾವು ಮೂವರೂ ಮುಂದಿನ ಸಾಲಿನಲ್ಲಿ ಕೂತಿದ್ದೆವು. ಬಸ್ ಡ್ರೈವರು, ಬೇಕರಿಯಾತ, ಲೈಬ್ರರಿ ಮೇಡಂ ಎಲ್ಲ ಬಂದಿದ್ದರು. ಹಾಡುವವರು ಮೂರು ಸಾಲಾಗಿ ನಿಂತ ಮೇಲೆ ಟೀಚರು ಕಪ್ಪು ಕೋಟು ತೊಟ್ಟು ಬಂದಳು. ನಮ್ಮ ಕಡೆ ತಿರುಗಿ ತಲೆ ಬಾಗಿಸಿ, ಆಮೇಲೆ ಹಾಡುವವರ ಕಡೆ ತಿರುಗಿದಳು. ಕೋಟು ಗೂನನ್ನು ಮರೆಮಾಚಿರಲಿಲ್ಲ. ಅದರ ಮೇಲೆ ಸುಕ್ಕಿಲ್ಲದೆ ಇಳಿದು ನಿಂತಿತ್ತು, ಅಷ್ಟೆ. ಸಭೆಗೆ ಸಭೆಯೇ ಅವಳ ಬೆನ್ನನ್ನು ನೋಡುತ್ತಿತ್ತು. ಅತ್ತೆ ನನ್ನ ಮಣಿಕಟ್ಟನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಳು.

ಟೀಚರು ಎರಡೂ ಕೈಗಳನ್ನು ಎತ್ತಿದಳು. ಭುಜದವರೆಗೆ, ಆಮೇಲೆ ತಲೆಯ ಮೇಲಿನವರೆಗೆ. ಅಲ್ಲಿ ಒಂದು ಗಳಿಗೆ ನಿಲ್ಲಿಸಿ, ತುಂಬ ಉಸಿರು ಎಳೆದುಕೊಂಡು, ಕೈ ಇಳಿಸಿದಳು. ಹಾಡು ಎದ್ದಿತು. ಒಂದರ ಹಿಂದೆ ಒಂದು ಹಾಡು ಬಂತು, ಅವಳ ತೋಳುಗಳು ಹಾರಿದವು, ಬಾಗಿದವು, ಇಡೀ ಸಭೆಯನ್ನೇ ಬಾಚಿಕೊಳ್ಳುವಂತೆ ಅಗಲವಾದವು. ಕೊನೆಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಮಾವ ಕೈ ಕೆಂಪಾಗುವಂತೆ ತಟ್ಟಿದರು. ಅತ್ತೆ ಮಾತ್ರ ನನ್ನ ಕೈ ಬಿಡದೆ ಕೂತೇ ಇದ್ದಳು.

"ಅತ್ತೆ, ಹಾಡು ಹೇಗಿತ್ತು?" ಎಂದು ಅವಳ ಕಿವಿಯ ಹತ್ತಿರ ಕೂಗಿದೆ.

"ಹಾಡಾ?" ಎಂದು ಅವಳು ನನ್ನ ಕಡೆ ತಿರುಗಿದಳು. ಮುಖವೆಲ್ಲ ಒದ್ದೆ, ಬಾಯಿ ತುಂಬ ನಗು. "ಕಂಕುಳಲ್ಲಿ ಹಿಡೀಲಿಲ್ಲ ಕಣೇ. ಎಲ್ಲೂ ಹಿಡೀಲಿಲ್ಲ."